ಬರ್ತೀನಿ ಅನ್ನಬಾರದ ಜಾಗ

ಡಾಕ್ಟರ್ ಆಗುವ ಮೊದಲು ನಾನು ಬಸ್ ಕಂಡಕ್ಟರ್ ಆಗಿದ್ದೆ, ಶಾಲೆಯ ಹೆಡ್ ಮಾಸ್ತರ್ ಆಗಿದ್ದೆ, ನಮ್ಮ ಸೋದರತ್ತೆಯ ಎಮ್ಮೆಯೂ ಆಗಿದ್ದೆ. ಎಲ್ಲವೂ ಗಂಟಲಲ್ಲಿ ಮಾತ್ರ. ಕುಬಿಹಾಳದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನಾನು ಯಾರ ದನಿ ತೆಗೆದರೂ ಓಣಿಯವರು ಆ ಮನುಷ್ಯನೇ ಬಂದನೆಂದು ತಿರುಗಿ ನೋಡುತ್ತಿದ್ದರು. ಎಮ್ಮೆಯ ದನಿ ತೆಗೆದಾಗ ಮಾತ್ರ ಯಾರೂ ತಿರುಗುತ್ತಿರಲಿಲ್ಲ. ಅದು ನನ್ನ ಸ್ವಂತ ದನಿ ಎಂದುಕೊಂಡಿದ್ದರಂತೆ.

"ಇವ ನಾಟಕ ಕಂಪನಿ ಸೇರ್ತಾನ" ಎಂದು ಎಲ್ಲರೂ ಹೇಳಿದರು. ನಾನು ಮೆಡಿಕಲ್ ಕಾಲೇಜು ಸೇರಿದೆ. ಪದವಿ ಮುಗಿಸಿ ಒಂದು ವರ್ಷ ಪಟ್ಟಣದ ದೊಡ್ಡ ಆಸ್ಪತ್ರೆಯೊಂದರಲ್ಲಿ ರೋಗಿಗಳ ಫೈಲುಗಳನ್ನು ನೋಡಿದೆ. ಆಮೇಲೆ ರೋಗಿಗಳನ್ನೇ ನೋಡುವ ಆಸೆಯಾಗಿ ಮೊರಬಕ್ಕೆ ಬಂದೆ. ಅಲ್ಲಿ ಮೂವತ್ತು ವರ್ಷಗಳಿಂದ ದವಾಖಾನೆ ನಡೆಸುತ್ತಿದ್ದ ಹಿರಿಯ ಡಾಕ್ಟರರ ಕೈಕೆಳಗೆ ಸೇರಿಕೊಂಡೆ. ಅವರಿಗೆ ಊರಲ್ಲಿ ದೊಡ್ಡ ಡಾಕ್ಟರ್ ಎಂದು ಹೆಸರು. ನನಗೆ ಸಣ್ಣ ಡಾಕ್ಟರ್ ಎಂದೂ ಹೆಸರಿರಲಿಲ್ಲ. "ಅಲ್ಲೊಬ್ಬವ ಬಾಜು ಕುಂತಿರ್ತಾನಲ್ಲ, ಅವ" ಎನ್ನುತ್ತಿದ್ದರು.

ದೊಡ್ಡ ಡಾಕ್ಟರರ ಚಿಕಿತ್ಸೆಯಲ್ಲಿ ಔಷಧಿ ಎರಡನೆಯದು. ಮೊದಲನೆಯದು ಬೈಗುಳ. ಮೊದಲು ಒಂದು ಕೆಮ್ಮು, "ಹ್ಞೂಂಹ್" ಎಂದು. ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ ಶುರು.

"ಏನ್ ತಿಂದಿ? ಖರೇ ಹೇಳು. ಹೋಳಿಗಿ ಎಷ್ಟ್ ತಿಂದಿ? ಎರಡಾ? ಎರಡು ತಿಂದ್ರ ಸಕ್ಕರಿ ಇಷ್ಟ್ ಏರತೈತೇನು? ನಿನ್ನ ಹೊಟ್ಟಿ ಏನ್ ಸೊಸೈಟಿ ಗೋಡಾವನ್ ಏನು, ಬಂದದ್ದೆಲ್ಲ ಒಳಗ ಇಳಿಸಾಕ?"

ಬೈಸಿಕೊಂಡವರು ಹೊರಗೆ ಬಂದು ಹಣೆಯ ಬೆವರು ಒರೆಸಿಕೊಂಡು, "ಅಗದಿ ಬರೋಬ್ಬರಿ ಬೈದ್ರು ನೋಡ್ರಿ, ಈಗ ಅರ್ಧಾ ಆರಾಮ ಆತು" ಎಂದು ಸಂತೋಷದಿಂದ ಹೇಳುತ್ತಿದ್ದರು. ನಾನು ಬಾಜುವಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಒಂದು ವರ್ಷ ಇದನ್ನು ಕೇಳಿದೆ. ಔಷಧಶಾಸ್ತ್ರ ಎಷ್ಟು ತಲೆಗೆ ಹೋಯಿತೋ ಗೊತ್ತಿಲ್ಲ, ಆ ಕೆಮ್ಮು ಮಾತ್ರ ಪೂರ್ತಿ ಗಂಟಲಿಗೆ ಇಳಿಯಿತು.

ಒಂದು ದಿನ ಅವರು ತಮ್ಮ ಕಟ್ಟಿಗೆಯ ಕುರ್ಚಿಯ ಕೈಯನ್ನು ತಟ್ಟುತ್ತ ಹೇಳಿದರು.

"ಒಂದ್ ತಿಂಗಳಾ ನಾ ಇರೂದಿಲ್ಲ. ಎರಡೂ ಕಣ್ಣಿನ ಪೊರಿ ತಗಸ್ಕೊಂಡು ಮಗಳ ಮನ್ಯಾಗ ಇರ್ತೀನಿ. ನೀ ನಡಸು."

"ಹೂನ್ರಿ ಸರ್."

"ನಾ ಬಂದಾಗ ಹೊರಗ ಬೆಂಚಿನ ಮ್ಯಾಲೆ ಕುಂತಾವ್ರು, ಎಲ್ಲಾರೂ ಬ್ಯಾಡ, ಒಬ್ಬರರೆ, 'ನನಗ ಸಣ್ಣ ಡಾಕ್ಟರ್ ಬೇಕು' ಅಂದ್ರ ಈ ಕುರ್ಚಿ ನಿಂದು. ನಾ ಮನ್ಯಾಗ ಆರಾಮ ಪೇಪರ್ ಓದ್ತೀನಿ. ಯಾರೂ ಅನ್ನಲಿಲ್ಲಂದ್ರ ನಮ್ಮ ತಂಗಿ ಮಗ ಹುಬ್ಬಳ್ಯಾಗ ಅದಾನ. ಅವನ್ನ ಕರಸ್ತೀನಿ."

"ಒಬ್ಬರು ಸಾಕೇನ್ರಿ ಸರ್?"

"ನಿನ್ನ ಮಾರಿ ನೋಡೇ ಒಬ್ಬರು ಅಂದೇನಿ."

ನನಗೆ ಆ ಕುರ್ಚಿ ಬೇಕಾಗಿತ್ತು. ಅದರ ಒಂದು ಕಾಲು ಗಿಡ್ಡವಾಗಿದ್ದರೂ ಬೇಕಾಗಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ನೋವಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡಿಸುತ್ತಿದ್ದೆವು. ಇಲ್ಲಿ ನೋವು ಒಬ್ಬರಿಗೆ "ಚಳಕ್" ಅನ್ನುತ್ತದೆ, ಇನ್ನೊಬ್ಬರಿಗೆ "ಝುಂ" ಅನ್ನುತ್ತದೆ, ಮತ್ತೊಬ್ಬರ ಕಿವಿಯಲ್ಲಿ "ಗುಂಯ್" ಎಂದು ಟ್ರ್ಯಾಕ್ಟರ್ ಏರು ಹತ್ತುತ್ತದೆ. ದನಿಗಳನ್ನೇ ತಿಂದು ಬೆಳೆದವನಿಗೆ ಇದಕ್ಕಿಂತ ಒಳ್ಳೆಯ ಊಟ ಎಲ್ಲಿ ಸಿಗಬೇಕು?

ದೊಡ್ಡ ಡಾಕ್ಟರ್ ಹೋದ ಮರುದಿನವೇ ನಾನು ದವಾಖಾನೆಯನ್ನು ಸುಧಾರಿಸಲು ಹೊರಟೆ. ಕಾಲೇಜಿನಲ್ಲಿದ್ದಾಗ ದವಾಖಾನೆಯನ್ನು ಚುರುಕಾಗಿ ನಡೆಸುವುದು ಹೇಗೆ ಎಂದು ಒಬ್ಬರು ಎರಡು ತಾಸು ಭಾಷಣ ಮಾಡಿದ್ದರು. ಅದರಲ್ಲಿ ಒಂದೂವರೆ ತಾಸು ನಾನು ಅವರ ದನಿಯನ್ನು ಕಲಿಯುತ್ತಿದ್ದೆ. ಉಳಿದ ಅರ್ಧ ತಾಸಿನಲ್ಲಿ ಕಿವಿಗೆ ಬಿದ್ದದ್ದು ಮೂರು ಸಂಗತಿ. ಟೋಕನ್ ಕೊಡಬೇಕು, ಒಬ್ಬರಿಗೆ ಇಷ್ಟೇ ನಿಮಿಷ ಎಂದು ಇಡಬೇಕು, ಬಂದವರಿಗೆ ನಗುತ್ತ ಧನ್ಯವಾದ ಹೇಳಬೇಕು.

ಟೋಕನ್‌ಗಳು ಮೊದಲ ದಿನವೇ ಸೋತವು. ಏಳನೆಯ ನಂಬರಿನ ಹೆಂಗಸು ಒಳಗೆ ಬರಲು ಎದ್ದಳು, ಎಂಟನೆಯ ನಂಬರಿನಲ್ಲಿ ಅವಳ ಬೀಗತಿ ಕುಳಿತಿದ್ದಳು.

"ಅಯ್ಯ, ನೀವು ಹೋಗ್ರಿ ಬೀಗರ."

"ಛೇ ಛೇ, ನಾ ಹೆಂಗ ಹೋಗ್ಲಿ? ನಿಮ್ಮದು ಮೊದಲ ಐತಿ. ನೀವ ಹೋಗ್ರಿ."

"ಹೆಣ್ಣ ಕೊಟ್ಟಾವ್ರು ನಾವು. ನಿಮ್ಮನ್ನ ಬಿಟ್ಟು ನಾವು ಹೋದ್ರ ಮಂದಿ ಏನಂದಾರು?"

ಹೀಗೆ ಹತ್ತು ನಿಮಿಷ ಬಾಗಿಲಲ್ಲಿ ಮರ್ಯಾದೆಯ ಕುಸ್ತಿ ನಡೆಯಿತು. ಕೊನೆಗೆ ಇಬ್ಬರೂ ಕೈ ಕೈ ಹಿಡಿದುಕೊಂಡು ಒಟ್ಟಿಗೇ ಒಳಗೆ ಬಂದರು. ಇಬ್ಬರಿಗೂ ಮೊಣಕಾಲು ನೋವು. ಅಷ್ಟು ಹೊತ್ತು ನಿಂತದ್ದರಿಂದ ಅದು ಹೆಚ್ಚಾಗಿತ್ತು.

ಒಬ್ಬರಿಗೆ ನಾಲ್ಕು ನಿಮಿಷವೆಂದು ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದೆ. ಅದು ಬಡಿದುಕೊಂಡ ಕೂಡಲೇ ಅಂಗಿ ಬಿಚ್ಚುತ್ತಿದ್ದ ಯಜಮಾನರೊಬ್ಬರು ಬಿಚ್ಚುವುದನ್ನು ನಿಲ್ಲಿಸಿ, "ಎತ್ರಿ ಎತ್ರಿ, ಯಾರದೋ ಫೋನ್ ಬಂತು. ನಾ ಕುಂದರ್ತೀನಿ, ಮಾತಾಡ್ರಿ" ಎಂದು ಗುಂಡಿಗಳನ್ನು ಮತ್ತೆ ಹಾಕಿಕೊಂಡು ಕುಳಿತರು. ನಾನು ಸುಮ್ಮನೆ "ಹಲೋ" ಅಂದೆ.

ಆದರೆ ನಿಜವಾಗಿ ನನ್ನನ್ನು ಮುಳುಗಿಸಿದ್ದು ಮೂರನೆಯ ಸುಧಾರಣೆ. ಹುಬ್ಬಳ್ಳಿಯ ಬೇಕರಿಯೊಂದರಲ್ಲಿ ನೋಡಿದ್ದ ಬೋರ್ಡು ನನಗೆ ಬಹಳ ಹಿಡಿಸಿತ್ತು. ಅದೇ ಅಕ್ಷರ, ಅದೇ ಬಣ್ಣದಲ್ಲಿ ಬರೆಸಿ ಬಾಗಿಲ ಮೇಲೆ ಹಾಕಿಸಿದೆ: "ಧನ್ಯವಾದಗಳು, ಮತ್ತೆ ಬನ್ನಿ." ಬೋರ್ಡು ಓದಲು ಬಾರದವರಿಗೆ ಅನ್ಯಾಯವಾಗಬಾರದೆಂದು ಪ್ರತಿಯೊಬ್ಬರಿಗೂ ಕೈ ಮುಗಿದು, ಬೇಕರಿಯವನ ದನಿಯಲ್ಲೇ, "ಮತ್ತ ಬರ್ರೀ" ಎಂದು ರಾಗವಾಗಿ ಹೇಳತೊಡಗಿದೆ.

ಮೂರನೆಯ ದಿನ ಒಬ್ಬ ಆಯಿ ಸಿಕ್ಕಳು. ಬಾಜು ಊರಿನಿಂದ ಬಸ್ಸಿನಲ್ಲಿ ಬರುವ, ಬಿಪಿ ಇದ್ದ, ಎಲೆ ಅಡಿಕೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿದ ಆಯಿ. ಚೀಟಿ ತೆಗೆದುಕೊಂಡು ಎದ್ದವಳು ನನ್ನ ಮಾತು ಕೇಳಿ ಹೊಸ್ತಿಲಲ್ಲೇ ನಿಂತಳು.

"ಏನಂದಿ?"

"ಮತ್ತ ಬರ್ರಿ ಅಂದೆ, ಆಯಿ."

"ಯಾಕ ಬರ್ಲಿ? ನನಗ ಇನ್ನೂ ಏನೇನ್ ಆಗ್ಲಿ ಅಂತ ಐತಿ ನಿನ್ನ ಮನಸಿನ್ಯಾಗ?"

ಬೆಂಚಿನ ಮೇಲಿದ್ದವರೆಲ್ಲ ತಲೆಯಾಡಿಸಿದರು. ಒಬ್ಬ ಮುದುಕ, "ನನಗೂ ನಿನ್ನೆ ಹಂಗ ಅಂದ. ರಾತ್ರೆಲ್ಲಾ ನಿದ್ದಿ ಹತ್ತಲಿಲ್ಲ" ಎಂದು ಸಾಕ್ಷಿ ನುಡಿದ.

ನನಗೆ ಗೊತ್ತಿಲ್ಲದ ಮಾತೇನಲ್ಲ ಇದು. ನಮ್ಮ ಕಡೆ ಯಾರ ಮನೆಯಿಂದ ಎದ್ದರೂ "ಹೋಗ್ತೀನಿ" ಅನ್ನುವಂತಿಲ್ಲ, "ಬರ್ತೀನಿ" ಅನ್ನಬೇಕು. ದವಾಖಾನೆಯಿಂದ ಎದ್ದರೆ ಮಾತ್ರ "ಬರ್ತೀನಿ" ಅನ್ನುವಂತಿಲ್ಲ. ಹಾಗಂದರೆ ರೋಗವೂ ಕೇಳಿಸಿಕೊಂಡು ಹಿಂದೆಯೇ ಬರುತ್ತದೆ. ಚಿಕ್ಕವನಿದ್ದಾಗ ಸೂಜಿ ಹಾಕಿಸಿಕೊಂಡು ಅಳುತ್ತ "ಬರ್ತೀನ್ರಿ" ಅಂದಿದ್ದಕ್ಕೆ ನಮ್ಮವ್ವ ಬಾಯಿಯ ಮೇಲೆ ಒಂದು ಕೊಟ್ಟಿದ್ದಳು. ಸೂಜಿಗಿಂತ ಅದೇ ಹೆಚ್ಚು ನೆನಪಿದೆ. ಅಷ್ಟಾದರೂ ಬೇಕರಿಯವನ ದನಿ ಸಿಕ್ಕಿತೆಂಬ ಹಿಗ್ಗಿನಲ್ಲಿ ನಾನು ಕುಬಿಹಾಳದವನೆಂಬುದನ್ನೇ ಮರೆತಿದ್ದೆ.

ಮುಂದಿನ ವಾರ ಬೆಂಚು ಖಾಲಿಯಾಯಿತು. ಗಾಯದ ಪಟ್ಟಿ ಬದಲಿಸಲು ಬರಬೇಕಾದವರು ಬರಲಿಲ್ಲ. ಸಕ್ಕರೆ ಪರೀಕ್ಷೆಯವರು ಬರಲಿಲ್ಲ. ಒಂದು ನಾಯಿ ಮಾತ್ರ ತಪ್ಪದೆ ಬಂದು ಬೆಂಚಿನ ಕೆಳಗೆ ಮಲಗುತ್ತಿತ್ತು. ಅದಕ್ಕೆ ಯಾವ ಕಾಯಿಲೆಯೂ ಇದ್ದಂತಿರಲಿಲ್ಲ.

ಇಪ್ಪತ್ತು ವರ್ಷಗಳಿಂದ ಆ ದವಾಖಾನೆಯಲ್ಲಿದ್ದ ನರ್ಸ್ ಅಕ್ಕ ಅಲ್ಲಿಯವರೆಗೆ ಸುಮ್ಮನಿದ್ದಳು. ಆ ದಿನ ಸ್ಟೂಲು ಹಾಕಿಕೊಂಡು ಬೋರ್ಡನ್ನು ಕೆಳಗಿಳಿಸಿದಳು.

"ಸಾಹೇಬ್ರ, ಒಂದ್ ಮಾತು ಕೇಳ್ಲೇನ್ರಿ? ಸಿಟ್ಟ ಆಗಬ್ಯಾಡ್ರಿ."

"ಕೇಳ್ರಿ ಅಕ್ಕಾರ."

"ನೀವು ಡಾಕ್ಟರ್ ಅದೀರೋ, ಖಾರಿ ಟೋಸ್ಟ್ ಮಾರಾವ್ರೋ?"

ಆಮೇಲೆ ಬೋರ್ಡನ್ನು ತಿರುಗಿಸಿ, ಅದರ ಬೆನ್ನ ಮೇಲೆ ಸುಣ್ಣದ ಕಡ್ಡಿಯಿಂದ ಬಸ್ಸಿನ ವೇಳೆಗಳನ್ನು ಬರೆದಳು. ನವಲಗುಂದದ ಕಡೆಗೆ ಹೋಗುವವು ಒಂದು ಸಾಲು, ಧಾರವಾಡದ ಕಡೆಗೆ ಹೋಗುವವು ಇನ್ನೊಂದು ಸಾಲು. "ನಂಬರ್ ಗಿಂಬರ್ ಬ್ಯಾಡ್ರಿ. ಯಾರ ಬಸ್ಸು ಮೊದಲೋ ಅವರು ಮೊದಲ. ಬಸ್ಸಿಗೆ ಬೀಗರು ಇಲ್ಲ, ನೆಂಟರು ಇಲ್ಲ" ಎಂದಳು.

ಎರಡು ತಾಸಿನ ಭಾಷಣದಲ್ಲಿ ಇಲ್ಲದ್ದು ಅಲ್ಲಿತ್ತು. ಹತ್ತೂವರೆಯ ಬಸ್ಸಿನವರು ಮೊದಲು ಒಳಗೆ. ಅವರ ಹಿಂದೆ ಹನ್ನೊಂದೂ ಮುಕ್ಕಾಲಿನವರು. ಊರಿನವರು, ಬಸ್ಸಿನ ಗೊಡವೆಯಿಲ್ಲದವರು, ಕೊನೆಗೆ. ಉಪವಾಸವಿದ್ದು ರಕ್ತ ಕೊಡಬೇಕಾದವರಿಗೆ ಬೆಳಗಿನ ಮೊದಲ ಬಸ್ಸು. ಕೊಟ್ಟ ಕೂಡಲೇ ಎದುರಿನ ಅಂಗಡಿಯಲ್ಲಿ ಚುರುಮುರಿ, ಚಾ. ಕಾಯುವವರ ಬಿಪಿಯನ್ನು ಅಕ್ಕ ಬೆಂಚಿನ ಮೇಲೆಯೇ ನೋಡಿ ಚೀಟಿಯ ಮೇಲೆ ಬರೆದು ಕಳಿಸುತ್ತಿದ್ದಳು. ಯಾರನ್ನೂ ಅವಸರ ಮಾಡಿಸಬೇಕಾಗಿರಲಿಲ್ಲ. ಬಸ್ಸೇ ಮಾಡಿಸುತ್ತಿತ್ತು.

ಇನ್ನು ಮತ್ತೆ ಬರಬೇಕಾದವರಿಗೆ ಬನ್ನಿ ಅನ್ನದೆ ಹೇಳುವುದು ಹೇಗೆ? ಅದಕ್ಕೂ ಅಕ್ಕನ ಹತ್ತಿರ ಉತ್ತರವಿತ್ತು. ಚೀಟಿ ಕೈಗಿಡುತ್ತ, "ಮುಂದಿನ ಸೋಮವಾರ, ಹತ್ತೂವರಿ ಬಸ್ಸು" ಎನ್ನುತ್ತಿದ್ದಳು. ಅಷ್ಟೇ. ಆ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಬಸ್ಸಿನ ಸುದ್ದಿ ಹೇಳಿದರೆ ರೋಗಕ್ಕೇನು ತಿಳಿಯುತ್ತದೆ? ಸೋಮವಾರ ಹತ್ತೂವರೆಗೆ ಸರಿಯಾಗಿ ಪಟ್ಟಿ ಕಟ್ಟಿದ ಕಾಲುಗಳೆಲ್ಲ ಬೆಂಚಿನ ಮುಂದೆ ಸಾಲಾಗಿ ಚಾಚಿದ್ದವು. ಜಾಗ ಸಾಲದೆ ನಾಯಿ ಎದ್ದುಹೋಗಿತ್ತು.

ಮಂದಿ ಬಂದರು, ಆದರೆ ನನಗಾಗಿ ಬಂದಿರಲಿಲ್ಲ. ದಿನವೂ ಒಬ್ಬರಲ್ಲ ಒಬ್ಬರು ಒಳಗೆ ಇಣುಕಿ, ನನ್ನನ್ನು ನೋಡಿ, ಮುಖ ಸಣ್ಣದು ಮಾಡಿಕೊಂಡು ಕೇಳುತ್ತಿದ್ದರು: "ದೊಡ್ಡ ಡಾಕ್ಟರ್ ಯಾವಾಗ ಬರ್ತಾರ್ರಿ?" ಅದೇ ಮುಖವನ್ನು ಮಾಡಿ, ಅದೇ ದನಿಯಲ್ಲಿ ನಾನೂ ಅಕ್ಕನನ್ನು ಕೇಳುತ್ತಿದ್ದೆ: "ದೊಡ್ಡ ಡಾಕ್ಟರ್ ಯಾವಾಗ ಬರ್ತಾರ್ರಿ?" ಒಂದು ದಿನ ಅವಳು ಕ್ಯಾಲೆಂಡರ್ ನೋಡಿ, "ಇನ್ನ ಹದಿಮೂರು ದಿನ ಐತ್ರಿ, ನಿಮ್ಮ ಗಂಟು ಮೂಟಿ ಕಟ್ಟಾಕ" ಎಂದಳು.

ಅಷ್ಟರಲ್ಲಿ ನನಗೆ ಬೈದು ಹೋಗಿದ್ದ ಆಯಿಯೇ ಮತ್ತೆ ಬಂದಳು. ಗುಳಿಗೆ ಮುಗಿದಿದ್ದವು. ಅಕ್ಕ ಬರೆದು ಕಳಿಸಿದ ಬಿಪಿ ನೋಡಿದೆ. ಏರಿಯೇ ಇತ್ತು. ಹಳೆಯ ಚೀಟಿಗಳನ್ನು ತಿರುವಿದೆ. ದೊಡ್ಡ ಡಾಕ್ಟರ್ ಎರಡು ಸಲ ಗುಳಿಗೆಯ ಡೋಸು ಏರಿಸಿದ್ದರು. ಆದರೂ ಬಿಪಿ ಜಗ್ಗಿರಲಿಲ್ಲ.

"ಆಯಿ, ಗುಳಗಿ ದಿನಾ ತಗೋತೀರೇನು?"

ಆಯಿ ಸೆರಗು ಸರಿಮಾಡಿಕೊಂಡು, ಮಾಡಿನ ಫ್ಯಾನನ್ನು ನೋಡುತ್ತ ಹೇಳಿದಳು. "ದಿನಾ ತಗೋತೀನಪಾ. ಒಂದ್ ದಿನಾನೂ ತಪ್ಪಸಂಗಿಲ್ಲ. ಆ ಶಿವನ ಆಣಿ."

ನನ್ನ ಗಂಟಲು ಸುಮ್ಮನಿರಲಿಲ್ಲ. ಟೇಬಲ್ಲಿನ ಮೇಲಿದ್ದ ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡು, ಫ್ಯಾನನ್ನೇ ನೋಡುತ್ತ, ಬಾಯಲ್ಲಿಲ್ಲದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ ಹೇಳಿದೆ: "ದಿನಾ ತಗೋತೀನಪಾ. ಒಂದ್ ದಿನಾನೂ ತಪ್ಪಸಂಗಿಲ್ಲ. ಆ ಫ್ಯಾನಿನ ಆಣಿ."

ಆಯಿ ಎರಡು ಕ್ಷಣ ನನ್ನನ್ನೇ ನೋಡಿದಳು. ಬೈಯುತ್ತಾಳೆಂದು ನಾನು ಕುತ್ತಿಗೆ ಒಳಗೆ ಎಳೆದುಕೊಂಡೆ. ಅವಳು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂದು, ಅಕ್ಕ ನೀರು ತಂದುಕೊಡಬೇಕಾಯಿತು.

"ಭಾಡ್ಯಾ, ಅಗದಿ ನನ್ನಂಗ ಮಾಡಿದಿ ನೋಡು! ನಾ ಸುಳ್ಳ ಹೇಳಬೇಕಾದ್ರ ಹಿಂಗ ಕಾಣ್ತೀನೇನು?"

"ಹಿಂಗ ಕಾಣ್ತೀರಿ ಆಯಿ. ಈಗ ಖರೇ ಹೇಳಬೇಕಾದ್ರ ಹೆಂಗ ಕಾಣ್ತೀರಿ ತೋರಸ್ರಿ."

ಆಯಿ ಬಾಗಿಲಿನತ್ತ ನೋಡಿ, ದನಿ ತಗ್ಗಿಸಿದಳು. "ಅರ್ಧಾ ತಗೋತೀನಿ. ಉಳದ ಅರ್ಧಾ ಬಾಜು ಮನಿ ಆಕಿಗೆ ಕೊಡ್ತೀನಿ. ಆಕಿಗೂ ಬಿಪಿ ಐತಿ. ನಾ ಒಬ್ಬಾಕಿನ ತಿಂದ್ರ ಹೆಂಗ? ಚಾ ಮಾಡಿದ್ರೂ ಇಬ್ಬರೂ ಹಂಚಿಕೊಂಡು ಕುಡಿಯಾವ್ರು ನಾವು."

"ಮತ್ತ ದೊಡ್ಡ ಡಾಕ್ಟರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಬಿಡ್ತಾರೇನು? ಇಬ್ಬರಿಗೂ ಬೈತಿದ್ರು. ಬೈಗುಳಾನೂ ಹಂಚಿಕೋಬೇಕಾಗಿತ್ತು."

ನಾನು ಡೋಸನ್ನು ಮೊದಲಿದ್ದಲ್ಲಿಗೆ ಇಳಿಸಿ, ಇಡೀ ಗುಳಿಗೆಯನ್ನು ಒಬ್ಬಳೇ ತಿನ್ನಬೇಕೆಂದು ಮಾತು ತೆಗೆದುಕೊಂಡೆ. "ಆಕಿಗೆ ಬ್ಯಾರೆ ಗುಳಗಿ ನಾ ಕೊಡ್ತೀನಿ. ಇಬ್ಬರೂ ಕೂಡಿ, ಗುರುವಾರ, ಹತ್ತೂವರಿ ಬಸ್ಸು." ಗುರುವಾರ ಇಬ್ಬರೂ ಕೂಡಿ ಬಂದರು. ಬಾಜು ಮನೆಯವಳಿಗೆ ಬಿಪಿಯೇ ಇರಲಿಲ್ಲ. ಗೆಳತಿಗೆ ಬೇಸರವಾಗಬಾರದೆಂದು ಒಂದು ವರ್ಷ ಅರ್ಧ ಗುಳಿಗೆಯನ್ನು ಇಸಿದುಕೊಂಡು ಬಚ್ಚಲಿಗೆ ಹಾಕುತ್ತಿದ್ದಳಂತೆ. ಅದನ್ನು ಕೇಳಿ ಆಯಿ ಅವಳಿಗೆ ಬೈದ ಬೈಗುಳ ದೊಡ್ಡ ಡಾಕ್ಟರರನ್ನು ಮೀರಿಸಿತ್ತು. ನಾನು ಅದನ್ನೂ ಕಲಿತುಕೊಂಡೆ. ಹತ್ತು ದಿನದಲ್ಲಿ ಆಯಿಯ ಬಿಪಿ ಇಳಿಯಿತು.

ಅಲ್ಲಿಂದ ನನಗೊಂದು ದಾರಿ ಸಿಕ್ಕಿತು. ಸುಳ್ಳು ಹೇಳುವವರಿಗೆ ಅವರ ಸುಳ್ಳನ್ನೇ ಅವರ ದನಿಯಲ್ಲಿ ಹೇಳಿ ತೋರಿಸುವುದು. ನಗು ಬಂದ ಮೇಲೆ ನಿಜ ತಾನಾಗಿ ಬರುತ್ತಿತ್ತು, ಅಲಾರಾಂ ಇಟ್ಟ ನಾಲ್ಕು ನಿಮಿಷಕ್ಕಿಂತ ಲಗೂನೇ ಬರುತ್ತಿತ್ತು. ಆದರೆ ಎಲ್ಲರಿಗೂ ಇದು ಹತ್ತುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಗೌಡರೊಬ್ಬರು ಕೈ ಮುಗಿದು ಕೇಳಿದರು. "ಡಾಕ್ಟರ, ನಗಸೂದು ಸಾಕ್ರಿ. ನನಗ ಬೈಸಿಕೊಳ್ಳದ ಗುಳಗಿ ಹತ್ತಂಗಿಲ್ಲ. ದೊಡ್ಡಾವ್ರಂಗ ಒಂದ್ಸಲ ಬೈದ್ ಬಿಡ್ರಿ." ನಾನು ಕೆಮ್ಮಿದೆ, ಕುರ್ಚಿ ಸರಿಸಿದೆ, ಗೋಡಾವನ್ನಿನಿಂದ ಹಿಡಿದು ಬೈದೆ. ಅವರು ಕಣ್ಣು ಮುಚ್ಚಿ ಮಂಗಳಾರತಿ ತೆಗೆದುಕೊಂಡವರಂತೆ ಕೇಳಿದರು.

ತಿಂಗಳ ಕೊನೆಯ ದಿನ ಬಂತು. ದೊಡ್ಡ ಡಾಕ್ಟರ್ ಸಂಜೆಗೆ ಬರುತ್ತಾರೆಂದು ಸುದ್ದಿಯಿತ್ತು. ಅಲ್ಲಿಯವರೆಗೂ ಒಬ್ಬರೂ, ಒಬ್ಬರಂದರೆ ಒಬ್ಬರೂ, ಸಣ್ಣ ಡಾಕ್ಟರ್ ಬೇಕು ಅಂದಿರಲಿಲ್ಲ. ನಾನು ನನ್ನ ಸ್ಟೆತಾಸ್ಕೋಪನ್ನು ಬ್ಯಾಗಿನಲ್ಲಿ ಹಾಕಿ, ತೆಗೆದು, ಮತ್ತೆ ಹಾಕಿದೆ.

ಬೆಳಿಗ್ಗೆ ಬೆಂಚಿನ ಮೂಲೆಯಲ್ಲಿ ಧೋತರ ಉಟ್ಟು, ತಲೆಗೆ ಟವೆಲ್ ಸುತ್ತಿ, ಮುಖಕ್ಕೆ ಮಾಸ್ಕು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ ಒಬ್ಬರು ಬಂದು ಕುಳಿತರು. ಅಕ್ಕ ಅವರ ಚಪ್ಪಲಿ ನೋಡಿದ ಕೂಡಲೇ ಗುರುತು ಹಿಡಿದಳಂತೆ. ಇಪ್ಪತ್ತು ವರ್ಷ ಪ್ಯಾಂಟಿನಲ್ಲಿ ಕಂಡವರು ಧೋತರದಲ್ಲಿ ಬಂದಿದ್ದಾರೆಂದರೆ ಏನೋ ಇದೆ ಎಂದುಕೊಂಡು ಸುಮ್ಮನಾದಳು. ಆದರೂ ಕೆಲಸ ಕೆಲಸವೇ.

"ಯಜಮಾನ್ರ, ಯಾವ ಬಸ್ಸು?"

"ಯಾವ ಬಸ್ಸೂ ಇಲ್ಲ. ಇದ ಊರು."

"ಹಂಗಾರ ಕೊನಿಗೆ. ಕುಂದರ್ರಿ."

ತಮ್ಮದೇ ದವಾಖಾನೆಯಲ್ಲಿ ಅವರು ಎರಡು ತಾಸು ಕುಳಿತರು. ಬಸ್ಸಿನ ಬೋರ್ಡನ್ನು ಹೊಸ ಕಣ್ಣಿನಿಂದ ಮೂರು ಸಲ ಓದಿದರಂತೆ. ಒಳಗಿದ್ದ ನನಗೆ ಇದಾವುದೂ ಗೊತ್ತಿರಲಿಲ್ಲ. ನನ್ನೆದುರು ಗೌಡರು ಕುಳಿತಿದ್ದರು. ಹಿಂದಿನ ದಿನ ಬೀಗರ ಮನೆಯಲ್ಲಿ ಹೋಳಿಗೆಯಾಗಿತ್ತು. "ಇವತ್ತ ಸ್ವಲ್ಪ ಜೋರ ಇರ್ಲಿ" ಎಂದು ಅವರೇ ಕೇಳಿದ್ದರು. ಹೇಗೂ ಕೊನೆಯ ದಿನ. ನಾನು ಇದ್ದ ಶಕ್ತಿಯೆಲ್ಲ ಹಾಕಿ ಕೆಮ್ಮಿದೆ.

"ಹ್ಞೂಂಹ್! ಏನ್ ತಿಂದಿ? ಖರೇ ಹೇಳು! ನಿನ್ನ ಹೊಟ್ಟಿ ಏನ್ ಸೊಸೈಟಿ ಗೋಡಾವನ್ ಏನು?"

ಹೊರಗೆ ಸರದಿಗಾಗಿ ಕಾಯುತ್ತಿದ್ದ ಆಯಿ ಒಮ್ಮೆಲೇ ಎದ್ದು ನಿಂತಳು. ಪರದೆಯ ಈಚೆಗೂ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಅಯ್ಯ ಶಿವನ, ದೊಡ್ಡಾವ್ರು ಬಂದಾರ! ನರ್ಸಕ್ಕಾ, ನಾ ಒಲ್ಲೆ. ಸಣ್ಣ ಡಾಕ್ಟರ್ ಇದ್ದಾಗ ಹೇಳು. ನಾಳಿಗೆ ಬರ್ತೀನಿ."

ಬೆಂಚಿನವರೆಲ್ಲ ಅವಳತ್ತ ತಿರುಗಿದರಂತೆ. ದವಾಖಾನೆಯಲ್ಲಿ ನಿಂತು ಯಾರೋ ಬರ್ತೀನಿ ಅಂದಿದ್ದರು. ಅದನ್ನು ಅಂದವಳು ಅದೇ ಮಾತಿಗೆ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಬೈದ ಆಯಿ.

ಮೂಲೆಯ ಕಪ್ಪು ಕನ್ನಡಕದವರು ದನಿ ಬದಲಿಸಿ ಕೇಳಿದರು. ನನ್ನ ವೃತ್ತಿಯ ದೃಷ್ಟಿಯಿಂದ ಹೇಳುವುದಾದರೆ ಬಹಳ ಕೆಟ್ಟದಾಗಿ ಬದಲಿಸಿದ್ದರು. "ಯಾಕ ಆಯಿ? ದೊಡ್ಡಾವ್ರು ಶ್ಯಾಣ್ಯಾರಲ್ಲ?"

"ಶ್ಯಾಣ್ಯಾರ ಅದಾರ, ಯಾರ ಇಲ್ಲ ಅಂತಾರ? ಆದ್ರ ಅವರ ಮುಂದ ಉಪ್ಪಿನಕಾಯಿ ತಿಂದೆ ಅನ್ನಾಕ ಬಾಯಿ ಬರೂದಿಲ್ಲ. ಈ ಹುಡುಗನ ಮುಂದ ಅಂದ್ರ ನಗತಾನ, ನನ್ನಂಗ ಮಾಡಿ ತೋರಸ್ತಾನ, ಆಮ್ಯಾಲೆ ಗುಳಗಿ ಬರೋಬ್ಬರಿ ಕೊಡ್ತಾನ."

ನಾನು ಪರದೆ ಸರಿಸಿ ಹೊರಗೆ ಬಂದೆ. ಅದೇ ಹೊತ್ತಿಗೆ ಕನ್ನಡಕದವರು ಟವೆಲ್ ಬಿಚ್ಚಿ, ಮಾಸ್ಕು ತೆಗೆದರು. ಆಯಿ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಒಳಗೆ ಬೈದವನು ಯಾರು ಎಂದು ತಿಳಿದದ್ದೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಕ್ಕನ ಬೆನ್ನ ಹಿಂದೆ ಸೇರಿದಳು.

ದೊಡ್ಡ ಡಾಕ್ಟರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕೆಮ್ಮು ಬರೋಬ್ಬರಿ ಇಲ್ಲಲೇ."

"ಸರ್?"

"ನಾ ಕೆಮ್ಮಿದ ಮ್ಯಾಲೆ ಒಂದ್ ಉಸಿರು ಸುಮ್ನ ಇರ್ತೀನಿ. ಆವಾಗ ಅಂವಾ ಅಂಜಬೇಕು. ನೀ ಕೆಮ್ಮಿದ ಕೂಡ್ಲೇ ಬೈತಿ, ಅಂಜಾಕ ಟೈಮ್ ಎಲ್ಲೈತಿ?" ಅಲ್ಲಿಯೇ ನಿಂತು ಕೆಮ್ಮಿ, ಸುಮ್ಮನಿದ್ದು, ತೋರಿಸಿದರು. ಒಳಗಿದ್ದ ಗೌಡರು ಅಭ್ಯಾಸಬಲದಿಂದ, "ಮೂರು ತಿಂದೇನ್ರಿ, ಮೂರು!" ಎಂದು ಕೂಗಿದರು.

ಆಮೇಲೆ ಅವರು ಒಳಗೆ ಬಂದರು. ನಾನು ಕುರ್ಚಿ ಸರಿಸಿ ಕೊಟ್ಟೆ. ಅವರು ಕೂಡಲಿಲ್ಲ. ರೋಗಿಗಳ ಸ್ಟೂಲಿನ ಮೇಲೆ ಕುಳಿತು, "ಬಿಪಿ ನೋಡು. ಎರಡ್ ತಾಸು ಬೆಂಚಿನ ಮ್ಯಾಲೆ ಕುಂದ್ರಸೀರಿ, ಏರಿರಬೇಕು" ಎಂದರು. ಏರಿರಲಿಲ್ಲ. ಆ ದಿನ ಬಸ್ಸು ತಪ್ಪಿಸಿಕೊಂಡ ಆಯಿಯೂ ಅವರೂ ಎದುರೆದುರು ಕುಳಿತು ಚಾ ಕುಡಿದರು. ಅರ್ಧ ಗುಳಿಗೆಯ ಕಥೆಯನ್ನು ಆಯಿ ಅವರಿಗೆ ತಾನೇ ಹೇಳಿದಳು. ಬೈಸಿಕೊಂಡಳು. ಅರ್ಧಾ ಆರಾಮ ಆತು ಎಂದಳು.

ಚಾ ಮುಗಿದ ಮೇಲೆ ದೊಡ್ಡ ಡಾಕ್ಟರ್ ಎದ್ದರು. ಕಟ್ಟಿಗೆಯ ಕುರ್ಚಿಯ ಕೈಯನ್ನು ಒಮ್ಮೆ ತಟ್ಟಿ ಬಾಗಿಲಿಗೆ ನಡೆದರು. ಹೊಸ್ತಿಲಲ್ಲಿ ಒಂದು ಕಾಲು ಹೊರಗಿಟ್ಟು ತಿರುಗಿದರು.

"ಬರ್ತೀ..."

"ಸರ್!" ಅಕ್ಕ ಗದರಿಸಿದಳು. "ದವಾಖಾನ್ಯಾಗ ಹಂಗ ಅನ್ನಬಾರದ್ರಿ."

"ಹಂಗಾರ ಹೋ..."

"ಹಂಗಂತೂ ಅನ್ನಲೇಬಾರದ್ರಿ! ಇದು ನಿಮ್ಮ ಮನಿ."

ಮೂವತ್ತು ವರ್ಷ ಆ ಬಾಗಿಲಿನಿಂದ ಹೊರಗೆ ಹೋದವರೆಲ್ಲರ ಪೇಚಾಟ ಆ ಹೊತ್ತು ಅವರಿಗೆ ಸಿಕ್ಕಿತ್ತು. ಅವರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಬಸ್ಸಿನ ಬೋರ್ಡನ್ನು ನೋಡಿದರು. ಕೊನೆಗೆ, "ಹ್ಞೂಂಹ್" ಎಂದು ಕೆಮ್ಮಿ, ಒಂದು ಉಸಿರು ಸುಮ್ಮನಿದ್ದು, ಮೆಟ್ಟಿಲಿಳಿದು ನಡೆದರು.

ಆ ಉಸಿರಿನಷ್ಟು ಹೊತ್ತನ್ನು ನಾನು ಇನ್ನೂ ಅಭ್ಯಾಸ ಮಾಡುತ್ತಿದ್ದೇನೆ. ಗೌಡರು ಮೊದಲಿಗಿಂತ ಸುಧಾರಿಸಿದೆ ಎನ್ನುತ್ತಾರೆ.